ರಿಗೊಂಡಾ ವಾಲ್ವ್ ರೇಡಿಯೋ: ಪ್ಲಗ್ ಹಾಕುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ದೊಡ್ಡಪ್ಪ ಮಾಸ್ಕೋದಿಂದ ತಂದಿದ್ದ ರಿಗೊಂಡಾ-ಮೊನೊ (ರೇಡಿಯೋ ಜೊತೆಗೆ ಗ್ರಾಮಫೋನ್ ಪ್ಲೇಟ್ ಹಾಕುವ ಸೋವಿಯತ್ ವಾಲ್ವ್ ಸೆಟ್) ಎಷ್ಟೋ ವರ್ಷದಿಂದ ಅಟ್ಟದ ಮೇಲಿದೆ. ಸುಟ್ಟುಹೋಗದಂತೆ ಹೇಗೆ ಶುರುಮಾಡಲಿ? ತಿಳಿದವರು ಹೇಳಿ.

ಉತ್ತರ: ನೇರವಾಗಿ ಪ್ಲಗ್ ಹಾಕಲೇಬೇಡಿ ಸರ್. ಮೊದಲು ವೋಲ್ಟೇಜ್ ಸ್ವಿಚ್ ನೋಡಿ. ಸೋವಿಯತ್ ಸೆಟ್‌ಗಳಲ್ಲಿ 127, 220 ವೋಲ್ಟ್ ಎರಡೂ ಇರುತ್ತವೆ. 127ರಲ್ಲಿದ್ದರೆ ನಮ್ಮ 230 ವೋಲ್ಟ್‌ಗೆ ಟ್ರಾನ್ಸ್‌ಫಾರ್ಮರ್ ಉಳಿಯುವುದಿಲ್ಲ. ಆಮೇಲೆ 60 ವ್ಯಾಟ್‌ನ ಹಳೇ ತಂತಿ ಬಲ್ಬನ್ನು ಸೀರಿಸ್‌ನಲ್ಲಿಟ್ಟು (ಕರೆಂಟ್ ಬಲ್ಬಿನ ಮೂಲಕವೇ ಸೆಟ್‌ಗೆ ಹೋಗುವಂತೆ) ಕರೆಂಟ್ ಕೊಡಿ, ಎಲ್‌ಇಡಿ ನಡೆಯುವುದಿಲ್ಲ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಆಫ್ ಮಾಡಿದ ಮೇಲೂ ಫಿಲ್ಟರ್ ಕಂಡೆನ್ಸರ್‌ನಲ್ಲಿ (ಪವರ್ ಭಾಗದ ದೊಡ್ಡ ಕಂಡೆನ್ಸರ್) 200 ವೋಲ್ಟ್‌ಗೂ ಹೆಚ್ಚು ನಿಂತಿರಬಹುದು. 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರನ್ನು ಅದರ ಎರಡೂ ತುದಿಗೆ ಹಿಡಿದು ಖಾಲಿಮಾಡಿ, ಮಲ್ಟಿಮೀಟರ್‌ನಲ್ಲಿ ನೋಡಿಯೇ ಕೈ ಹಾಕಿ.

ಇನ್ನೊಬ್ಬರು: ಬಲ್ಬ್ ಪರೀಕ್ಷೆಗೂ ಮೊದಲೇ ಕಪ್ಲಿಂಗ್ ಕಂಡೆನ್ಸರ್ ಬದಲಿಸಿಬಿಡಿ. ಅದರ ಹಿಂದಿನ ಹಂತದ ವಾಲ್ವ್ 6ಎನ್2ಪಿಯ ಆನೋಡ್‌ನಿಂದ ಔಟ್‌ಪುಟ್ ವಾಲ್ವ್ 6ಪಿ14ಪಿಯ 2ನೇ ಪಿನ್‌ಗೆ (ಗ್ರಿಡ್) ಬರುತ್ತದಲ್ಲ, ಅದು. ಹಳೇ ಪೇಪರ್ ಕಂಡೆನ್ಸರ್ ಲೀಕಾದರೆ ಗ್ರಿಡ್ ಪಾಸಿಟಿವ್ ಆಗಿ, ವಾಲ್ವ್ ಒಳಗಿನ ತಗಡು ಕೆಂಪಗೆ ಕಾಯುತ್ತದೆ, ಹಿಂದೆಯೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಅಷ್ಟೇ ಮೈಕ್ರೋಫ್ಯಾರಡ್‌ನ 630 ವೋಲ್ಟ್ ಫಿಲ್ಮ್ ಕಂಡೆನ್ಸರ್ ಸಾಕು. ಸೋವಿಯತ್ ಬರಹದಲ್ಲಿ ‘0,01’ ಅಂದರೆ 0.01. ಬಲ್ಬ್ ತೆಗೆದು ಪೂರ್ತಿ ವೋಲ್ಟೇಜ್ ಕೊಟ್ಟಾಗ 2ನೇ ಪಿನ್‌ನಲ್ಲಿ ಸೊನ್ನೆ, 3ರಲ್ಲಿ (ಕ್ಯಾಥೋಡ್) ಸುಮಾರು 6–7 ವೋಲ್ಟ್ ಇರಬೇಕು. 3ರಲ್ಲಿ 10 ದಾಟಿದರೆ ತಕ್ಷಣ ಆಫ್ ಮಾಡಿ.

ಮತ್ತೊಬ್ಬರು: ವಾಲ್ವ್ ಬದಲಿಸಬೇಕಾದರೆ 6ಪಿ14ಪಿ ಜಾಗಕ್ಕೆ ಪಾಶ್ಚಾತ್ಯ ವಾಲ್ವ್ ಇಎಲ್84 ನೇರವಾಗಿ ಕೂರುತ್ತದೆ. 6ಎನ್2ಪಿ ಜಾಗಕ್ಕೆ ಮಾತ್ರ ಇಸಿಸಿ83 ಹಾಕಬೇಡಿ, ಎಷ್ಟೋ ಜನ ಎಡವುವುದು ಇಲ್ಲೇ. ಪಿನ್ 9 ಎರಡರಲ್ಲೂ ಒಂದೇ ಅಲ್ಲ. ಇಸಿಸಿ83ರ ಹೀಟರ್‌ಗೆ (ವಾಲ್ವ್ ಕಾಯಿಸುವ ತಂತಿ) 4–5ನೇ ಪಿನ್‌ಗಳ ನಡುವೆ 12.6 ವೋಲ್ಟ್ ಬೇಕು, ಸೆಟ್ ಕೊಡುವುದು 6.3. ಅರ್ಧ ಕಾದು ಸದ್ದೇ ಬರುವುದಿಲ್ಲ.

ಎಫ್‌ಎಂ ಬ್ಯಾಂಡ್ ಮೌನವಾಗಿದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಅದು ಸೋವಿಯತ್ ಬ್ಯಾಂಡ್, 65.8ರಿಂದ 73 ಮೆಗಾಹರ್ಟ್ಸ್. ನಮ್ಮದು 88ರಿಂದ ಶುರು. ಮೀಡಿಯಂ ವೇವ್‌ನಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಬೇಕಿದ್ದರೆ ಡಯಲ್‌ನ ಮೀಟರ್ (ತರಂಗಾಂತರ) ಗುರುತಿನಲ್ಲಿ 490ರ ಹತ್ತಿರ ತಿರುಗಿಸಿ.

ಪ್ಲೇಯರ್ ಬಗ್ಗೆ: ‘ಟಕ್ ಟಕ್’ ಸದ್ದು ಬಂದರೆ ಪ್ಲೇಟ್ ತಿರುಗಿಸುವ ರಬ್ಬರ್ ಚಕ್ರ ಒಂದೇ ಕಡೆ ಒತ್ತಿ ಚಪ್ಪಟೆಯಾಗಿದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ನೋಡಿ, ಹೋಗದಿದ್ದರೆ ಹೊಸ ಚಕ್ರವೇ ಬೇಕು. ಮೋಟಾರಿನ ಗಟ್ಟಿಯಾದ ಗ್ರೀಸ್ ತೊಳೆದು ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಡಿ, ರಬ್ಬರಿಗೆ ತಾಗಬಾರದು. ಸೂಜಿ ಕೂರುವ ಪೀಜೋ ಕಾರ್ಟ್ರಿಜ್ ಸತ್ತಿದ್ದರೆ ಸೆರಾಮಿಕ್ ಕಾರ್ಟ್ರಿಜ್ ಹಾಕಿ. ಮ್ಯಾಗ್ನೆಟಿಕ್ ಕೊಡುವುದು ಕೆಲವೇ ಮಿಲಿವೋಲ್ಟ್, ಪ್ರೀಆಂಪ್ ಇಲ್ಲದೆ ಕೇಳಿಸದು.