28 ಇಂಚಿನ ಸೈಕಲ್ಲಿಗೆ ಇಂಜಿನ್ ಕಿಟ್: ಏರಿನಲ್ಲಿ ಚೈನು ಕಳಚುತ್ತಿದೆ, ಹಿಂದೆ 56 ಹಲ್ಲು ಹಾಕಲೇ?

ಕೈಮರ_ತಿರುವು:
ಚಿಕ್ಕಮಗಳೂರು ಕಡೆಯ ಕಾಫಿ ತೋಟದೊಳಗೆ ಓಡಿಸೋಕೆ 28 ಇಂಚಿನ ಹಳೇ ಕರಿ ಸೈಕಲ್ಲಿಗೆ 80 ಸಿಸಿ ಟೂ-ಸ್ಟ್ರೋಕ್ ಕಿಟ್ ಕೂರಿಸಿದ್ದು. ಚೈನು ಕೂರುವ ಹಲ್ಲುಚಕ್ರ (ಸ್ಪ್ರಾಕೆಟ್) ಇಂಜಿನ್ ಕಡೆ 10 ಹಲ್ಲಿನದು, ಹಿಂದೆ 44. ಸಮತಟ್ಟಿನಲ್ಲಿ ತಕರಾರಿಲ್ಲ. ಏರು ಸಿಕ್ಕಿದರೆ ಇಂಜಿನ್ ಉಸಿರು ಕಟ್ಟಿದ ಹಾಗೆ ಆಗುತ್ತೆ, ಚೈನು ಕಟಕಟ ಅಂದು ಕಳಚುತ್ತೆ. 56 ಹಲ್ಲು ಹಾಕಿದರೆ ಎರಡೂ ಸರಿಹೋಗುತ್ತಾ?

ಆಲೂರು_ಲೇತ್:
ಹಾಕಿ. ಲೆಕ್ಕ ನೋಡಿ: ಇಂಜಿನ್ ಒಳಗೇ 82 ಮತ್ತು 20 ಹಲ್ಲಿನ ಗೇರು, ಅಂದರೆ 4.1. ಹೊರಗೆ 44ಕ್ಕೆ 10, ಅಂದರೆ 4.4. ಗುಣಿಸಿದರೆ ಸುಮಾರು 18. 28 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.23 ಮೀಟರ್ ಹೋಗುತ್ತೆ, ಹಾಗಾಗಿ 4000 ಆರ್‌ಪಿಎಂನಲ್ಲಿ 30 ಕಿ.ಮೀ. ವೇಗ. ಏರಿನಲ್ಲಿ ಇಂಜಿನ್ ಅಷ್ಟು ಸುತ್ತು ಹಿಡಿದುಕೊಳ್ಳಲ್ಲ. 56 ಹಾಕಿದರೆ ಅನುಪಾತ 23, ಅದೇ ಸುತ್ತಿಗೆ ವೇಗ 23 ಕಿ.ಮೀ., ಎಳೆತ 27% ಜಾಸ್ತಿ. ಈ ಕಿಟ್ಟುಗಳ 44 ಹಲ್ಲು 26 ಇಂಚಿನ ಚಕ್ರಕ್ಕೆ ಹೊಂದಿದ್ದು. 28ರಲ್ಲಿ ಅದು 41 ಹಲ್ಲು ಹಾಕಿದ ಹಾಗೇ ಲೆಕ್ಕ.

ಹಾಸನ_ಸೈಕಲ್_ರಿಪೇರಿ:
ಲೇತ್ ಅಣ್ಣ, ಲೆಕ್ಕ ಸರಿ. ಆದರೆ ಚೈನು ಕಳಚೋಕೆ ಅನುಪಾತ ಕಾರಣವಲ್ಲ. ಮೊದಲು ಹಿಂದಿನ ಚಕ್ರದ ಕಡ್ಡಿ ಎಣಿಸಿ. ಹಿಂದಿನ ಸ್ಪ್ರಾಕೆಟ್ಟನ್ನು ಕಡ್ಡಿಗೆ ಬಿಗಿಯುವ ಕಿಟ್‌ನ ರಬ್ಬರ್ ಬಿಲ್ಲೆಯಲ್ಲಿ 9 ತೂತು ಇರುತ್ತೆ, ಅದು 36 ಕಡ್ಡಿಯ ಚಕ್ರಕ್ಕೆ ಮಾಡಿದ್ದು: ಒಂದು ಪಕ್ಕಕ್ಕೆ 18 ಕಡ್ಡಿ, ಎರಡು ಕಡ್ಡಿಗೊಂದು ಬೋಲ್ಟು. ಕರಿ ಸೈಕಲ್ಲಿಗೆ ಮುಂದೆ 32, ಹಿಂದೆ 40. ಪಕ್ಕಕ್ಕೆ 20 ಬಂತು. 20ರ ಸಂದಿಗೆ 9 ಬೋಲ್ಟು ಸಮ ಅಂತರದಲ್ಲಿ ಇಳಿಯೋದೇ ಇಲ್ಲ. ಕೆಲವು ಬೋಲ್ಟು ಕಡ್ಡಿಯನ್ನೇ ಒತ್ತಿಕೊಂಡು ಕೂರುತ್ತೆ. ಬಿಗಿ ಮಾಡಿದಷ್ಟೂ ಕಡ್ಡಿ ಬಾಗುತ್ತೆ, ಸ್ಪ್ರಾಕೆಟ್ ಓರೆಯಾಗುತ್ತೆ.

ಸೈಕಲ್ ತಲೆಕೆಳಗೆ ನಿಲ್ಲಿಸಿ. ಎಡಗಡೆ ಹಿಂಬದಿಯ ಕೆಳಪೈಪಿಗೆ ಒಂದು ತುಂಡು ಬೈಂಡಿಂಗ್ ವೈರು ಕಟ್ಟಿ, ತುದಿಯನ್ನು ಹಲ್ಲಿನ ಪಕ್ಕಕ್ಕೆ ತಾಗಿಯೂ ತಾಗದ ಹಾಗೆ ಬಗ್ಗಿಸಿ ಚಕ್ರ ನಿಧಾನವಾಗಿ ತಿರುಗಿಸಿ. ಪಕ್ಕಕ್ಕೆ 1 ಮಿ.ಮೀ. ಓಲಾಡಿದರೆ ನಡೆಯುತ್ತೆ. 3 ಮಿ.ಮೀ. ಇದ್ದರೆ ಚೈನು ಕಳಚಲೇಬೇಕು. ಒಂದೇ ಸುತ್ತಿನಲ್ಲಿ ಚೈನು ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು ಬಂದರೆ ಸ್ಪ್ರಾಕೆಟ್ ಹಬ್‌ನ (ಚಕ್ರದ ನಡುವಿನ ಗುಂಭದ) ನಡುವಿಗಿಲ್ಲ ಅಂತ ಅರ್ಥ. ಓರೆ ಕೂತ 44ರ ಜಾಗಕ್ಕೆ 56 ಹಾಕಿದರೆ, ಅಂಚು ಹಬ್‌ನಿಂದ ಇನ್ನೂ ದೂರ ಹೋಗುವುದರಿಂದ ಓಲಾಟ ಹೆಚ್ಚೇ ಆಗುತ್ತೆ.

ಆಲೂರು_ಲೇತ್:
40 ಕಡ್ಡಿಯ ವಿಷಯ ಒಪ್ಪಿದೆ. ಹಾಗಿದ್ದರೆ ಸ್ಪ್ರಾಕೆಟ್ಟಿಗೆ 36 ಡಿಗ್ರಿಗೊಂದರಂತೆ 10 ತೂತು ಹೊಸದಾಗಿ ಕೊರೆದರೆ ಆಯಿತಲ್ಲ?

ಹಾಸನ_ಸೈಕಲ್_ರಿಪೇರಿ:
ತೂತಿಲ್ಲದ ಹೊಸ ಪ್ಲೇಟು ಸಿಕ್ಕಿದರೆ ಮಾತ್ರ. ಹಳೇ ತೂತು 40 ಡಿಗ್ರಿಗೊಂದು. ಅದೇ ಸುತ್ತಿನ ಮೇಲೆ 36ಕ್ಕೊಂದು ಕೊರೆದರೆ ಹಳೇದು ಹೊಸದು ಕೂಡಿ ಉದ್ದ ತೂತಾಗುತ್ತೆ, ಬೋಲ್ಟು ಅಲುಗಾಡುತ್ತೆ. ರಬ್ಬರಿನದೂ ಅದೇ ಕತೆ.

ಮೂಡಿಗೆರೆ_ಮಳೆ:
56 ಹಲ್ಲಿಗೆ ಜಾಗ ಇದೆಯಾ ಅಂತ ಯಾರೂ ಕೇಳಲಿಲ್ಲ. ಅರ್ಧ ಇಂಚು ಪಿಚ್ಚಿನ (ಕೊಂಡಿಯಿಂದ ಕೊಂಡಿಗೆ ಅರ್ಧ ಇಂಚು) 415 ಚೈನಿಗೆ 44 ಹಲ್ಲಿನ ವ್ಯಾಸ ಸುಮಾರು 178 ಮಿ.ಮೀ., 56ರದ್ದು 226. ನಡುವಿನಿಂದ ಅಂಚಿಗೆ 24 ಮಿ.ಮೀ. ಹೆಚ್ಚು. ಮುಂದಕ್ಕೆ ಹೋದಂತೆ ಪೈಪು ಚಕ್ರದ ಕಡೆ ಬಾಗಿರುತ್ತೆ, ಅಲ್ಲೇ ಚೈನು ಉಜ್ಜುತ್ತೆ. 50 ಹಲ್ಲಾದರೆ 12 ಮಿ.ಮೀ. ಮಾತ್ರ ಹೆಚ್ಚು, ಎಳೆತ 13-14% ಸಿಗುತ್ತೆ, ಚೈನಿಗೆ ಮೂರು ಕೊಂಡಿ ಸೇರಿಸಿದರೆ ಸಾಕು.

ಇನ್ನು ಟೆನ್ಶನರ್, ಅಂದರೆ ಚೈನು ಜೋಲದ ಹಾಗೆ ಒತ್ತಿ ಹಿಡಿಯುವ ರೋಲರ್. ಕಿಟ್‌ನ ರೋಲರ್ ಪಟ್ಟಿ ಪೈಪಿನ ಸುತ್ತ ಬರೀ ಹಿಡಿತದ ಮೇಲೆ ನಿಂತಿರುತ್ತೆ. ಏರಿನಲ್ಲಿ ಚೈನು ಎಳೆದಾಗ ಅದು ತಿರುಗಿ ಕಡ್ಡಿಯೊಳಗೆ ನುಗ್ಗಿದರೆ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತೆ. ಇಳಿಜಾರಲ್ಲಿ ಹಾಗಾದರೆ ಸವಾರ ಉಳಿಯಲ್ಲ. ಅರ್ಧ ಕೊಂಡಿ ಹಾಕಿ, ಚಕ್ರ ಹಿಂದೆಮುಂದೆ ಸರಿಸಿ, ಚೈನಿಗೆ 12 ಮಿ.ಮೀ. ಆಟ ಬಿಟ್ಟು, ಟೆನ್ಶನರ್ ತೆಗೆದೇ ಬಿಡುವುದು ಒಳ್ಳೆಯದು. ಇಟ್ಟುಕೊಳ್ಳಲೇಬೇಕಾದರೆ ಪಟ್ಟಿಯನ್ನು ಪೈಪಿಗೆ ವೆಲ್ಡ್ ಮಾಡಿಸಿ.

ಕೈಮರ_ತಿರುವು:
ಎಣಿಸಿದೆ, 40 ಕಡ್ಡಿಯೇ. ವೈರು ಕಟ್ಟಿ ನೋಡಿದರೆ ಮೂರೂವರೆ ಮಿ.ಮೀ. ಓಲಾಟ. ಇಂಜಿನ್ ಉಸಿರು ಕಟ್ಟುವುದಕ್ಕೆ ಏನು ಮಾಡಲಿ?

ಬೇಲೂರು_ಟೂಸ್ಟ್ರೋಕ್:
ಮೊದಲನೆಯದು, ಅದು 80 ಸಿಸಿ ಅಲ್ಲ. 47 ಮಿ.ಮೀ. ಬೋರು (ಸಿಲಿಂಡರಿನ ಒಳವ್ಯಾಸ), 38 ಮಿ.ಮೀ. ಸ್ಟ್ರೋಕು (ಪಿಸ್ಟನ್ ಓಡುವ ದೂರ) ಇದ್ದರೆ 66 ಸಿಸಿ ಅಷ್ಟೇ. ಚಿಕ್ಕಮಗಳೂರು ಸುಮಾರು 1090 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಹತ್ತರಲ್ಲಿ ಒಂದು ಪಾಲು ಶಕ್ತಿ ಅಲ್ಲೇ ಹೋಯಿತು. ಜೊತೆಗೆ ಪೆಟ್ರೋಲ್ ಗಾಳಿಗಿಂತ ಹೆಚ್ಚಾಗುತ್ತೆ. ಪ್ಲಗ್ ಬಿಚ್ಚಿ ನೋಡಿ: ಕಪ್ಪಾಗಿ ಒದ್ದೆ ಇದ್ದರೆ ಕಾರ್ಬುರೇಟರ್ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿ, ಸೂಜಿ ಕೆಳಗಿಳಿದು ಪೆಟ್ರೋಲ್ ಕಡಿಮೆಯಾಗುತ್ತೆ. ಹುರಿದ ಕಾಫಿಬೀಜದ ಬಣ್ಣಕ್ಕೆ ಬಂದರೆ ನಿಲ್ಲಿಸಿ. ಬೂದು ಬಿಳಿಗೆ ತಿರುಗಿದರೆ ಪಿಸ್ಟನ್ ಹಿಡಿದುಕೊಳ್ಳುತ್ತೆ.

ಕ್ಲಚ್ಚನ್ನೂ ಗಮನಿಸಿ. ಏರಿನಲ್ಲಿ ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸದ್ದೂ ವೇಗವೂ ಒಟ್ಟಿಗೆ ಇಳಿದರೆ ಮಾತ್ರ ಗೇರಿನ ಸಮಸ್ಯೆ.

ಆಲೂರು_ಲೇತ್:
ಹಾಗಾದರೆ 56ರ ಮಾತು ವಾಪಸ್. 36 ಕಡ್ಡಿಯ 26 ಇಂಚಿನ ಚಕ್ರ ಹಾಕಿಬಿಟ್ಟರೆ? ಬೋಲ್ಟೂ ಹೊಂದುತ್ತೆ, 44 ಹಲ್ಲೇ 47ರ ಹಾಗೆ ಎಳೆಯುತ್ತೆ.

ಮೂಡಿಗೆರೆ_ಮಳೆ:
ಬ್ರೇಕ್ ಎಲ್ಲಿಂದ ಬರುತ್ತೆ ಅಣ್ಣ? ಸರಳಿನ ಬ್ರೇಕಿನ ಕಟ್ಟೆ 28ರ ರಿಮ್ಮಿಗೆ ಅಳತೆ ಮಾಡಿದ್ದು, 26ಕ್ಕೆ ಎಟುಕಲ್ಲ. ಹಿಂದಿನ ಬ್ರೇಕಿನ ಸರಳು ಇಂಜಿನ್ ಹಿಡಿಯುವ ಕೆಳಪೈಪಿನ ಪಕ್ಕದಲ್ಲೇ ಹಾಯುವುದರಿಂದ ಹೆಚ್ಚಿನವರು ಅದನ್ನು ಬಿಚ್ಚಿಯೇ ಇಂಜಿನ್ ಕೂರಿಸುತ್ತಾರೆ. ಆಮೇಲೆ ಉಳಿಯುವುದು ಮುಂದಿನದೊಂದೇ. ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಅದೂ ಹಿಡಿಯಲ್ಲ. ಕಿಟ್ ಬಿಚ್ಚಿ, ಕೇಬಲ್ ಎಳೆದು ರಿಮ್ಮಿನ ಎರಡೂ ಪಕ್ಕ ಒತ್ತುವ ವಿ-ಬ್ರೇಕ್ ಇರುವ 26 ಇಂಚಿನ ಸೈಕಲ್ಲಿಗೆ ಹಾಕಿ. ಹಿಂದೆ ಡಿಸ್ಕ್ ಇರುವುದು ಬೇಡ, ಡಿಸ್ಕಿನ ಜಾಗದಲ್ಲೇ ಸ್ಪ್ರಾಕೆಟ್ ಬರಬೇಕು.

ಹಾಸನ_ಸೈಕಲ್_ರಿಪೇರಿ:
ಇದಕ್ಕೆ ನನ್ನ ಒಪ್ಪಿಗೆ ಇದೆ. ಕೊಳ್ಳುವ ಮುಂಚೆ ಪೈಪಿನ ದಪ್ಪ ಅಳೆಯಿರಿ. 28.6 ಮಿ.ಮೀ. ಸುತ್ತಮುತ್ತ ಇದ್ದರೆ ಕಿಟ್‌ನ ಹಿಡಿ ನೇರ ಕೂರುತ್ತೆ. ದಪ್ಪ ಪೈಪಾದರೆ ಬೇರೆ ಹಿಡಿ ಮಾಡಿಸಿ, ಪೈಪಿಗೆ ತೂತು ಕೊರೆಯಬೇಡಿ, ಅಲ್ಲೇ ಬಿರುಕು ಬಿಡುತ್ತೆ. 9 ಬೋಲ್ಟನ್ನೂ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಪ್ರತಿ ಸುತ್ತಿಗೂ ವೈರು ಇಟ್ಟು ನೋಡಿ.

ಬೇಲೂರು_ಟೂಸ್ಟ್ರೋಕ್:
ತೋಟದ ಗೇಟು ದಾಟಿ ಡಾಂಬರು ರಸ್ತೆಗೆ ತರಬೇಡಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ನಾಲ್ಕಕ್ಕಿಂತ ಕಡಿಮೆ ಚಕ್ರದ ಗಾಡಿಗೆ ವಿನಾಯಿತಿ ಇರುವುದು 25 ಸಿಸಿವರೆಗೆ. 66 ಸಿಸಿಗೆ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲವೂ ಬೇಕು.

ಕೈಮರ_ತಿರುವು:
ಗೇಟಿನೊಳಗೇ ಇರುತ್ತೆ ಸಾರ್. ವಿ-ಬ್ರೇಕಿನ 26 ಇಂಚಿನದು ಹುಡುಕುತ್ತೇನೆ. ಮೊದಲು 44 ಹಲ್ಲಿನಲ್ಲೇ ಓಡಿಸಿ, ಸಾಲದಿದ್ದರೆ 50.