‘ಸ್ಲೇ’ಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಬಳಗದವರೇ,
ನಾಳೆ ಮಧ್ಯಾಹ್ನದೊಳಗೆ ಮಕ್ಕಳ ಪತ್ರಿಕೆಗೆ ‘ಜಿಂಗಲ್ ಬೆಲ್ಸ್’ ಎಂಬ ಕ್ರಿಸ್ಮಸ್ ಗೀತೆಯ ಕಥೆ ಕಳಿಸಬೇಕು. 1857ರಲ್ಲಿ ಬಾಸ್ಟನ್ನಿನಲ್ಲಿ ಅಚ್ಚಾದಾಗ ಅದರ ಹೆಸರು ‘ಒನ್ ಹಾರ್ಸ್ ಓಪನ್ ಸ್ಲೇ’. ಸ್ಲೇ ಎಂದರೆ ಹಿಮದ ಮೇಲೆ ಕುದುರೆ ಎಳೆದೊಯ್ಯುವ, ಗಾಲಿಯಿಲ್ಲದ ವಾಹನ. ಬರೆದವರು ಜೇಮ್ಸ್ ಪಿಯರ್‌ಪಾಂಟ್. ‘ಒಂಟಿ ಕುದುರೆಯ ತೆರೆದ...’ ಎಂಬಲ್ಲಿಗೆ ಲೇಖನಿ ನಿಂತಿದೆ. ಜಾರುಬಂಡಿ ಎಂದರೆ ಮಕ್ಕಳಿಗೆ ಪಾರ್ಕಿನ ಜಾರುಬಂಡೆ ನೆನಪಾಗುತ್ತದೆ. ಬೆಲ್ಸ್‌ಗೆ ‘ಗಂಟೆ’ ಸಾಕೇ?

ಮರು (ಧಾರವಾಡದಿಂದ):
ಸಾಲದು. ಗಂಟೆ ‘ಘಂಟಾ’ದ ತದ್ಭವ, ಮೇಲಾಗಿ ತೂಗುಹಾಕಿ ಬಾರಿಸುವಂಥದ್ದು. ಆ ಕುದುರೆಗೆ ಕಟ್ಟಿದ್ದು ಒಳಗೆ ಹರಳು ಉರುಳಾಡುವ ಗೆಜ್ಜೆ. ಎತ್ತಿನ ಕೊರಳ ಹುರಿಗೆಜ್ಜೆ ಕಂಡವರು ಈ ಪ್ರಶ್ನೆ ಕೇಳುವುದಿಲ್ಲ. ವಾಹನಕ್ಕೆ ಜಾರುಬಂಡಿಯೇ ಸರಿ. ಜಾರು ನಮ್ಮದು, ಬಂಡಿ ತಮಿಳಿನ ವಂಡಿಯ ಒಡಹುಟ್ಟು. ‘ಸ್ಲೇ’ ಎಂದು ಬರೆಯುವುದು ಸೋಮಾರಿತನ.

ಮರು (ಮಂಗಳೂರಿನಿಂದ):
ಬಂಡಿಗೆ ಗಾಲಿ ಬೇಕು. ಸ್ಲೇಗೆ ಇರುವುದು ಹಿಮದ ಮೇಲೆ ಜಾರುವ ಎರಡು ಉದ್ದ ಪಟ್ಟಿಗಳು. ಅದು ಸದ್ದಿಲ್ಲದೆ ಬರುತ್ತದೆ. ಎದುರಿನವರು ಎಚ್ಚರವಾಗಲಿ ಎಂದೇ ಕುದುರೆಗೆ ಗೆಜ್ಜೆ ಕಟ್ಟುತ್ತಿದ್ದರು. ಸ್ಲೇ ಎಂದೇ ಬರೆಯಿರಿ. ಅಮೆರಿಕದವರು ಆ ಪದವನ್ನು ಡಚ್ಚರಿಂದ ತೆಗೆದುಕೊಂಡರು. ಅವರಿಗಿಲ್ಲದ ಮಡಿ ನಮಗೇಕೆ?

ಮರು (ಧಾರವಾಡದಿಂದ):
ಬಸ್ಸಾಯಿತು, ರೈಲಾಯಿತು, ಈಗ ಸ್ಲೇ. ನಾಳೆ ಕುದುರೆಯನ್ನೂ ಹಾರ್ಸ್ ಎನ್ನಿ.

ಮರು (ಮಂಗಳೂರಿನಿಂದ):
‘ಹೊಗೆಬಂಡಿ’ಗೆಂದು ಟಿಕೆಟ್ ಕೇಳಿ ಪಡೆದವರೊಬ್ಬರನ್ನು ತೋರಿಸಿ, ಆಮೇಲೆ ಮಾತನಾಡೋಣ.

ಮರು (ಮೈಸೂರಿನಿಂದ):
ಗಾಲಿಯ ಜಗಳದಲ್ಲಿ ದೊಡ್ಡ ತಪ್ಪು ನುಸುಳಿಹೋಗುತ್ತಿದೆ. ‘ಕ್ರಿಸ್ಮಸ್ ಗೀತೆ’ ಎಂದಿದ್ದೀರಿ. ಹಾಡಿನಲ್ಲಿ ಕ್ರಿಸ್ಮಸ್ಸೂ ಇಲ್ಲ, ಯೇಸುವೂ ಇಲ್ಲ. ಹುಡುಗಿಯನ್ನು ಕೂರಿಸಿಕೊಂಡು ಹೊರಟವನು ಹಿಮದ ದಿಬ್ಬಕ್ಕೆ ಸಿಕ್ಕು ಬೀಳುವ ತಮಾಷೆ ಅದು. ಮೊದಲು ಹಾಡಿದ್ದು 1857ರ ಸೆಪ್ಟೆಂಬರಿನಲ್ಲಿ, ಬಾಸ್ಟನ್ನಿನ ಆರ್ಡ್‌ವೇ ಹಾಲ್‌ನಲ್ಲಿ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುತ್ತಿದ್ದ ಮಿನ್‌ಸ್ಟ್ರೆಲ್ ಪ್ರದರ್ಶನದಲ್ಲಿ. ಈ ಮಾತನ್ನು ‘ಬಣ್ಣ ಹಚ್ಚಿಕೊಂಡು’ ಎಂದು ಮೆತ್ತಗೆ ಮಾಡಬೇಡಿ. ನಮ್ಮಲ್ಲಿ ಬಣ್ಣ ಹಚ್ಚುವುದೆಂದರೆ ಗೌರವದ ಕೆಲಸ. ಈಗಿನ ಹೆಸರು 1859ರ ಮರುಮುದ್ರಣದಲ್ಲಿ ಸೇರಿದ್ದು. ಡಿಸೆಂಬರ್ ಅದಕ್ಕೆ ಅಂಟಿಕೊಂಡದ್ದು ಆಮೇಲೆ.

ಮರು (ಪ್ರಶ್ನೆ ಕೇಳಿದವಳು):
ತಲೆಬರಹದಿಂದ ‘ಕ್ರಿಸ್ಮಸ್’ ತೆಗೆದೆ. ಹಾಡಿನ ಕುದುರೆಯ ‘ಬಾಬ್‌ಟೇಲ್’ ಮೋಟುಬಾಲವಾಯಿತು, ಗೆಜ್ಜೆ ಉಳಿಯಿತು. ಹೆಸರು ‘ಒಂಟಿ ಕುದುರೆಯ ತೆರೆದ ಹಿಮಬಂಡಿ’. ಗಾಲಿಯಿಲ್ಲವೆಂದು ಚಿತ್ರದ ಕೆಳಗೆ ಬರೆಯುತ್ತೇನೆ. ಪುಟ ಹೋಯಿತು.

ಮರು (ಧಾರವಾಡದಿಂದ):
‘ಹಿಮ’ ಸಂಸ್ಕೃತ.