ಓದುಗರ ಸ್ಪಂದನ: ಕ್ರೈಂ ಬಿಟ್ಟು ಬರೀ ಹಾಕಿ ಬರೆಯಲೇ?

ವಾರಪತ್ರಿಕೆಗೆ ಕ್ರೈಂ, ರಾಜಕೀಯ, ಕ್ರೀಡೆ ಮೂರನ್ನೂ ಬರೆಯುವ ವಿರಾಜಪೇಟೆ ಕಡೆಯ ಓದುಗರೊಬ್ಬರ ಅಳಲನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ತೋಟದ ಪಾಲಿನ ಜಗಳದಲ್ಲಿ ನಡೆದ ಕೊಲೆಯ ಬಗ್ಗೆ ಬರೆದ ಮೇಲೆ ನೆಂಟರು ಮದುವೆಗೂ ಕರೆಯುತ್ತಿಲ್ಲ. 'ಹಾಕಿ ಮಾತ್ರ ಬರಿ ಮಗಾ' ಎಂದು ಅವ್ವ ಕಣ್ಣೀರಿಡುತ್ತಾರೆ. ಏನು ಮಾಡಲಿ ಎಂದು ಕೇಳಿದ್ದರು.

ನೆಂಟರು ಕರೆಯಲಿಲ್ಲ ಎಂದು ಪೆನ್ನು ಕೆಳಗಿಡುವವರು ಈ ಕೆಲಸಕ್ಕೆ ಬರಲೇಬಾರದಿತ್ತು.
– ಓದುಗ, ಕುಶಾಲನಗರ

ಮಾತು ಖಾರವಾಯಿತು. ಸೋಮವಾರಪೇಟೆಯ ಮುಂದಿನ ಪತ್ರಕ್ಕೆ ಕತ್ತರಿ ಹಾಕಲು ನಮಗೆ ಮನಸ್ಸಾಗಲಿಲ್ಲ.

ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ತಮ್ಮ ತೋಟದ ಕೆರೆಯಲ್ಲಿ ಹೆಣವಾಗಿ ಸಿಕ್ಕಾಗ ಪತ್ರಿಕೆಯೊಂದು ಅದಕ್ಕೆ ಪ್ರೇಮಕಥೆ ಕಟ್ಟಿತು, ಫೋಟೊ ಸಮೇತ. ಬರೆದವರು ನಮ್ಮ ಮನೆಯ ಗೇಟು ದಾಟಿದವರಲ್ಲ. ಅವನಿಗೆ ಮೂರ್ಛೆರೋಗವಿತ್ತು. ಔಷಧಿ ಚೀಟಿಗಳೆಲ್ಲ ಮನೆಯಲ್ಲೇ ಇದ್ದವು, ಕೇಳಿದ್ದರೆ ತೋರಿಸುತ್ತಿದ್ದೆವು. ಕಥೆಯಲ್ಲಿ ಹೆಸರು ಬಂದ ಪಾಪದ ಹುಡುಗಿಯ ನಿಶ್ಚಿತಾರ್ಥ ಮುರಿಯಿತು. ಅಪ್ಪ ಸಂತೆಗೆ ಹೋಗುವುದನ್ನೇ ಬಿಟ್ಟರು. ಆಕಸ್ಮಿಕ ಸಾವು ಎಂದು ಪೊಲೀಸರು ಕೇಸು ಮುಗಿಸಿದ್ದು ಮಾತ್ರ ಎಲ್ಲೂ ಅಚ್ಚಾಗಲಿಲ್ಲ.

ಅಣ್ಣಾ, ನೀವು ಬಿಟ್ಟರೆ ಆ ಜಾಗಕ್ಕೆ ಬರುವವರು ಗೇಟು ದಾಟಿ ಬಂದು ಕೇಳುತ್ತಾರೆಂದು ಏನು ಖಾತ್ರಿ? ನೀವೇ ಬರೆಯಿರಿ. ಸತ್ತವರ ಮನೆಗೂ ಹೋಗಿ, ಆರೋಪಿಯ ಮನೆಗೂ ಹೋಗಿ. ಬಂಧನಕ್ಕೆ ಎರಡು ಪುಟ ಕೊಟ್ಟ ಸಂಪಾದಕರ ಹತ್ತಿರ ಖುಲಾಸೆಗೂ ಅಷ್ಟೇ ಜಾಗ ಕೇಳಿ, ಜಗಳವಾಡಿಯಾದರೂ ಕೇಳಿ.
– ಒಬ್ಬ ಅಕ್ಕ, ಸೋಮವಾರಪೇಟೆ

ಮಡಿಕೇರಿಯ ವಕೀಲರು ಇದೇ ಎಳೆಯನ್ನು ಕಾನೂನಿನ ಕಡೆಯಿಂದ ಹಿಡಿದಿದ್ದಾರೆ.

ಅತ್ಯಾಚಾರಕ್ಕೊಳಗಾದವರ ಗುರುತು ಪ್ರಕಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು. ಅಪರಾಧದ ಆರೋಪ ಹೊತ್ತ ಮಕ್ಕಳಿಗೆ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ರಕ್ಷಣೆಯಿದೆ. 'ಹೆಸರು ಬದಲಿಸಿದೆ' ಎಂಬ ಸಾಲು ಕೊಡಗಿನಲ್ಲಿ ಸಾಲದು. ಇಲ್ಲಿ ಮನೆಹೆಸರು, ಇಲ್ಲವೇ ಊರು ಮತ್ತು ತೋಟದ ವಿವರ ಸಿಕ್ಕರೆ ಆಳು ಯಾರೆಂದು ಇಡೀ ನಾಡಿಗೆ ಗೊತ್ತಾಗುತ್ತದೆ.
– ವಕೀಲರು, ಮಡಿಕೇರಿ

ನಾಪೋಕ್ಲುವಿನ ಹಿರಿಯರ ಪ್ರಶ್ನೆಯೇ ಬೇರೆ. ಅದಕ್ಕೂ ಉತ್ತರ ಬೇಕು.

ಹಾಕಿ ಬರೆಯುವುದು ಹಗುರದ ಕೆಲಸವೆಂದು ನಿಮ್ಮ ಅವ್ವನಿಗೆ ಹೇಳಿದವರು ಯಾರು? 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಮನೆತನಗಳ ಕೌಟುಂಬಿಕ ಹಾಕಿ ಪಂದ್ಯಾವಳಿ ಶುರುಮಾಡಿದಾಗ 60 ತಂಡ. 2024ರಲ್ಲಿ ನಮ್ಮೂರಿನಲ್ಲಿ ಅದೇ ಪಂದ್ಯಾವಳಿ ನಡೆಸಿದ ಕುಂಡ್ಯೋಳಂಡ ಮನೆತನದ ಕಪ್‌ಗೆ 360. ಗೋಲು ಹೊಡೆದವರ ಪಟ್ಟಿ ಎಲ್ಲರೂ ಕೊಡುತ್ತಾರೆ. ಮೈದಾನಕ್ಕೆ ಬಂದ ಸರ್ಕಾರದ ದುಡ್ಡು ಎಲ್ಲಿ ಹೋಯಿತು, ಭಾರತಕ್ಕೆ ಹಾಕಿ ಆಡಿದ ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರನ್ನು ಕೊಟ್ಟ ಜಿಲ್ಲೆಯ ಮಕ್ಕಳು ಇವತ್ತು ಎಲ್ಲಿ ಅಭ್ಯಾಸ ಮಾಡುತ್ತಾರೆ ಎಂದು ಬರೆಯಿರಿ. ಆಗಲೂ ಕೆಲವರು ನಿಮ್ಮನ್ನು ಮದುವೆಗೆ ಕರೆಯುವುದಿಲ್ಲ.
– ಹಳೆಯ ಆಟಗಾರ, ನಾಪೋಕ್ಲು

ಅವ್ವ ಹೇಳಿದ ಮೇಲೆ ಕೇಳಬೇಕು. ಕಾಫಿ ಕೊಯ್ಲಿಗೆ ಜನ ಸಿಗದ ಕಾಲ ಇದು, ಮನೆಗೆ ಬಂದುಬಿಡಿ.
– ಗೃಹಿಣಿ, ಪೊನ್ನಂಪೇಟೆ

ಪತ್ರಗಳನ್ನೆಲ್ಲ ವಿರಾಜಪೇಟೆಗೆ ಕಳುಹಿಸಿದ್ದೇವೆ. ಸೋಮವಾರಪೇಟೆಯದನ್ನು ಎಲ್ಲಕ್ಕಿಂತ ಮೇಲಿಟ್ಟಿದ್ದೇವೆ.
– ಸಂ.